ದಕ್ಕೆಯ ಮುಂದಿನ ನೀರು

ಸೂರತ್ತಿನ ಅಠ್ವಾ ಲೈನ್ಸ್ ಈಗ ಅನುಕೂಲಸ್ಥರ ಬಡಾವಣೆ. ಅಲ್ಲಿ ಮನೆ ಹುಡುಕುವವರು ಚದರಡಿಗೆ ಎಷ್ಟು ಎಂದು ಕೇಳುತ್ತಾರೆಯೇ ಹೊರತು, 1730ರ ದಶಕದಲ್ಲಿ ಇಲ್ಲೇ ತಾಪಿ ನದಿಯ ದಡದಲ್ಲಿ ಸ್ವಂತ ದಕ್ಕೆಯೊಂದನ್ನು ಕಟ್ಟಲು ಹೋದ ವ್ಯಾಪಾರಿ ಅದಕ್ಕಾಗಿ ಪ್ರಾಣ ತೆತ್ತ ಎಂಬುದನ್ನು ಕೇಳುವುದಿಲ್ಲ. ಅವನ ಹೆಸರು ಮುಲ್ಲಾ ಮುಹಮ್ಮದ್ ಅಲಿ. 1718ರಲ್ಲಿ ತೀರಿಕೊಂಡ ಅವನ ಅಜ್ಜ ಅಬ್ದುಲ್ ಗಫೂರ್ ಸೂರತ್ತಿನ ಅತಿ ದೊಡ್ಡ ಹಡಗು ಮಾಲೀಕ. ಮೊಮ್ಮಗ ಮೊದಲು ಖಂಭಾತ್ ಕೊಲ್ಲಿಯ ಪಿರಂ ದ್ವೀಪದಲ್ಲಿ ನೆಲೆಯೂರಲು ನೋಡಿದ, ಅದು ಕೂಡಿಬರಲಿಲ್ಲ. ಆಮೇಲೆ ಊರಿಗೆ ಕೆಳಗೆ, ಅಠ್ವಾದಲ್ಲಿ, ಕೋಟೆ ಸಮೇತ ದಕ್ಕೆಗೆ ಕೈಹಾಕಿದ. ಸರಕು ಅಲ್ಲೇ ಇಳಿದರೆ ಊರಿನ ಸುಂಕದ ಕಟ್ಟೆಗೆ ಏನು ಉಳಿಯುತ್ತದೆ? ನವಾಬ ಸೊಹ್ರಾಬ್ ಖಾನ್ ಬೇಡ ಎಂದ. ಮುಲ್ಲಾ ಪಿತೂರಿಯಲ್ಲಿ ಸೇರಿ ನವಾಬನನ್ನೇ ಇಳಿಸಿದ. ಹೊಸದಾಗಿ ಕುರ್ಚಿಗೆ ಬಂದ ತೇಗ್ ಬೇಗ್ ಖಾನ್‌ನಿಗೂ ಆ ಕೋಟೆ ಕಣ್ಣಿಗೆ ಚುಚ್ಚಿತು. ಅವನು ಮುಲ್ಲಾನನ್ನು ಹಿಡಿದು ಸೆರೆಗೆ ಹಾಕಿದ. ಮುಲ್ಲಾ ಸೆರೆಯಲ್ಲೇ ಸತ್ತ.

ಈ ಜಗಳದ ದಾಖಲೆಗಳಲ್ಲಿ ನವಾಬರಿದ್ದಾರೆ, ಸಾಹುಕಾರರಿದ್ದಾರೆ, ಇಂಗ್ಲಿಷರ ಕಂಪನಿಯೂ ಇದೆ. ಆ ನೀರಿನಲ್ಲಿ ಬಲೆ ಬಿಡುತ್ತಿದ್ದವರು ಏನೆಂದರು ಎಂಬುದನ್ನು ಯಾರೂ ಬರೆದಿಡಲಿಲ್ಲ. ಖಾಸಗಿ ದಕ್ಕೆಯ ಬಳಿ ದೋಣಿಯವರು, ಗಾಳದವರು ಹೇಗೆ ನಡೆದುಕೊಳ್ಳಬೇಕೆಂದು ಹೊರದೇಶಗಳಲ್ಲಿ ಪುಸ್ತಕಗಳೇ ಇವೆ. ಅಲ್ಲಿ ದಕ್ಕೆಯೆಂದರೆ ಸರೋವರದ ದಡದ ಮನೆಗೆ ಸೇರಿದ ಹಲಗೆ ಅಟ್ಟ. ಮನೆಯವನು ಯಜಮಾನ, ಗಾಳ ಹಾಕಲು ಬಂದವನು ಅತಿಥಿ. ಗುಜರಾತಿನಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಬಲೆಯವನು ತಲೆಮಾರುಗಳಿಂದ ಅಲ್ಲಿದ್ದಾನೆ, ದಕ್ಕೆ ನಿನ್ನೆ ಮೊನ್ನೆ ಬಂದದ್ದು. ಹಾಗಾಗಿ ಮರ್ಯಾದೆಯ ಪಾಠವನ್ನು ದಕ್ಕೆಯವರಿಂದಲೇ ಶುರು ಮಾಡಬೇಕು ಎಂಬುದು ನನ್ನ ವಾದ.

ಸೂರತ್ತಿನಿಂದ ಕೆಳಗೆ ತಾಪಿ ಸಮುದ್ರ ಸೇರುವ ಅಳಿವೆಯೇ ಹಜೀರಾ. ಪಕ್ಕದ ಸುವಾಲಿ ಕಡಲತಡಿಯಲ್ಲಿ 1612ರಲ್ಲಿ ಇಂಗ್ಲಿಷರು ಪೋರ್ಚುಗೀಸರ ಹಡಗುಗಳನ್ನು ಹಿಮ್ಮೆಟ್ಟಿಸಿದ್ದರು. ತಾಪಿಯ ಬಾಯಲ್ಲಿ ಹೂಳು, ಹಾಗಾಗಿ ದೊಡ್ಡ ಹಡಗುಗಳು ಆ ಕಾಲದಲ್ಲೂ ಹೊರಗೇ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಸರಕು ಸಾಗಿಸುತ್ತಿದ್ದವು. ಮಗ್ದಲ್ಲಾ ಬಂದರಿನಲ್ಲಿ ಬಾರ್ಜುಗಳು ಇವತ್ತೂ ಮಾಡುವುದು ಅದೇ ಕೆಲಸ. 1982ರಲ್ಲಿ ಗುಜರಾತ್ ಮ್ಯಾರಿಟೈಮ್ ಬೋರ್ಡ್ ಹುಟ್ಟಿತು, 1995ರಲ್ಲಿ ರಾಜ್ಯದ ಬಂದರು ನೀತಿ ಖಾಸಗಿಯವರಿಗೆ ಬಾಗಿಲು ತೆರೆಯಿತು. ಈಗ ಹಜೀರಾದಲ್ಲಿ ಉಕ್ಕಿಗೊಂದು, ಗೊಬ್ಬರಕ್ಕೊಂದು, ಅನಿಲಕ್ಕೊಂದು ಎಂಬಂತೆ ಜೆಟ್ಟಿಗಳು ಚಾಚಿಕೊಂಡಿವೆ.

ಖಂಭಾತ್ ಕೊಲ್ಲಿಯ ಉಬ್ಬರ ಇಳಿತ ದೇಶದಲ್ಲೇ ದೊಡ್ಡದು. ಈ ಕರಾವಳಿಯವರು ಬುಮ್ಲಾ ಮೀನು ಹಿಡಿಯುವ ಡೋಲ್ ಬಲೆ ನಿಂತಿರುವುದೇ ಆ ಸೆಳೆತದ ಮೇಲೆ. ಚೀಲದಂಥ ಬಲೆಯನ್ನು ಗೂಟಕ್ಕೋ ಲಂಗರಿಗೋ ಬಿಗಿದು ಬಾಯಿಯನ್ನು ಸೆಳೆತಕ್ಕೆ ಒಡ್ಡುತ್ತಾರೆ. ನೀರು ಓಡುವಷ್ಟು ಹೊತ್ತು ಮೀನು ತಾನಾಗಿ ತುಂಬುತ್ತದೆ. ಸೆಳೆತ ನಿಂತು ನೀರು ಹೊರಳುವ ಸ್ವಲ್ಪ ಹೊತ್ತಿನಲ್ಲೇ ಬಲೆ ಎತ್ತಬೇಕು. ಆಳ ಸಾಲದ ಕಾಲುವೆಯಲ್ಲಿ ತುಂಬಿದ ಬಾರ್ಜು ಒಳಬರಲು ಕಾಯುವುದು ಕೂಡ ತುಂಬು ಉಬ್ಬರವನ್ನೇ. ಹೀಗೆ ಒಂದೇ ಗಳಿಗೆ ಇಬ್ಬರಿಗೂ ಬೇಕು. ಅಳಿವೆಯ ಜಗಳಗಳಲ್ಲಿ ಅರ್ಧ ಈ ಗಡಿಯಾರದ ಜಗಳ ಎಂದೇ ನನಗನ್ನಿಸುತ್ತದೆ. ಬಾರ್ಜು ಬರುವ ಹೊತ್ತನ್ನು ಹಿಂದಿನ ದಿನವೇ ದೋಣಿ ನಡೆಸುವ ತಂಡೇಲರಿಗೆ ತಿಳಿಸಿದರೆ ಎಷ್ಟೋ ಬಲೆ ಉಳಿಯುತ್ತವೆ.

ಯಾರು ಯಾರಿಗೆ ದಾರಿ ಬಿಡಬೇಕೆಂಬುದಕ್ಕೆ ಬರೆದಿಟ್ಟ ಕಾನೂನೇ ಇದೆ. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳನ್ನು ಭಾರತವೂ ಒಪ್ಪಿದೆ. ತೆರೆದ ಸಮುದ್ರದಲ್ಲಿ, ಬಲೆ ಬಿಟ್ಟು ಮೀನು ಹಿಡಿಯುತ್ತಿರುವ ದೋಣಿ ಕಂಡರೆ ಎಂಜಿನ್ ಹಡಗು ಪಕ್ಕಕ್ಕೆ ಸರಿಯಬೇಕು. ಇಕ್ಕಟ್ಟಾದ ಕಾಲುವೆಯೊಳಗೆ ನಿಯಮ ಅದಲುಬದಲು: ಮೀನು ಹಿಡಿಯುವವನು ಹಡಗಿನ ದಾರಿಗೆ ಅಡ್ಡವಾಗಬಾರದು. ರಾತ್ರಿ ಹಸಿರು ದೀಪದ ಕೆಳಗೆ ಬಿಳಿ ದೀಪವಿದ್ದರೆ ಟ್ರಾಲ್ ಬಲೆ ಎಳೆಯುತ್ತಿದ್ದಾನೆ, ಕೆಂಪಿನ ಕೆಳಗೆ ಬಿಳಿಯಿದ್ದರೆ ಬೇರೆ ಬಗೆಯ ಬಲೆ ಎಂದರ್ಥ. ಗಾಳವನ್ನು ಹಿಂದೆ ಎಳೆದುಕೊಂಡು ಹೋಗುವವನಿಗೆ ಈ ರಿಯಾಯಿತಿ ಇಲ್ಲ, ಏಕೆಂದರೆ ಅವನು ಬೇಕೆಂದಾಗ ತಿರುಗಬಲ್ಲ. ಸಾರಾಂಶ ಇಷ್ಟೆ: ಯಾರಿಗೆ ಹೊರಳುವುದು ಸುಲಭವೋ ಅವರು ಹೊರಳಲಿ. ಗೊಂದಲ ಹುಟ್ಟುವುದು, ನಿನ್ನೆಯವರೆಗೆ ತೆರೆದ ನೀರಾಗಿದ್ದ ಜಾಗ ಹೂಳೆತ್ತಿದ ಮಾರನೆಯ ದಿನ ಕಾಲುವೆಯಾದಾಗ. ತಂಡೇಲನ ಹಕ್ಕು ಅವನಿಗೆ ತಿಳಿಯದ ಹಾಗೆ ತಪ್ಪಾಗಿ ಮಾರ್ಪಟ್ಟಿರುತ್ತದೆ.

ಜೆಟ್ಟಿಯ ಕಂಬ, ಹಲಗೆ, ಕ್ರೇನು ಕಂಪನಿಯವು. ಕೆಳಗಿನ ನೀರು ಅದರ ಸ್ವತ್ತಲ್ಲ. ಬಿಯಾಸ್ ನದಿಯ ದಡದ ಹೋಟೆಲೊಂದು ಹೊಳೆಯನ್ನೇ ತಿರುಗಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ಇದನ್ನು ಬಿಡಿಸಿ ಹೇಳಿತು: ನದಿ, ಕಡಲತಡಿಗಳಿಗೆ ಸರ್ಕಾರ ಧರ್ಮದರ್ಶಿ ಮಾತ್ರ, ಒಡೆಯರು ಜನ. ಆದರೂ ಜೆಟ್ಟಿಯ ಹತ್ತಿರ ದೋಣಿ ಸುಳಿದರೆ ಕಾವಲಿನವನು ಸೀಟಿ ಊದುತ್ತಾನೆ. ಅದಕ್ಕೂ ಕಾರಣವಿದೆ. ನ್ಯೂಯಾರ್ಕ್ ಅವಳಿ ಗೋಪುರಗಳ ದಾಳಿಯ ನಂತರ ರೂಪುಗೊಂಡು 2004ರ ಜುಲೈ 1ರಂದು ಜಾರಿಗೆ ಬಂದ ಬಂದರು ಭದ್ರತಾ ಸಂಹಿತೆ ವಿದೇಶಿ ಹಡಗು ಬರುವ ಪ್ರತಿ ದಕ್ಕೆಗೂ ಬೇಲಿ ಬಯಸಿತು. ಅನಿಲದ ಹಡಗಿನ ಪಕ್ಕ ಬೀಡಿ ಹಚ್ಚಿಕೊಂಡು ಗಾಳ ಹಾಕುವುದನ್ನು ನಾನೂ ಸಮರ್ಥಿಸಲಾರೆ. ಆದರೆ ಬೇಲಿಯ ಗಡಿ ಎಲ್ಲಿದೆ ಎಂದು ತೋರಿಸುವ ಬೋಯೆಯನ್ನೂ ತೇಲಿಬಿಡದೆ ಸೀಟಿ ಊದುವುದು ಒರಟುತನ.

ಹಜೀರಾದವರು ಸೀಟಿಗೆ ಕೋರ್ಟಿನಲ್ಲಿ ಉತ್ತರ ಕೊಟ್ಟರು. ಬಂದರು ವಿಸ್ತರಣೆಯಿಂದ ಮೀನು ಹಿಡಿಯುವ ಜಾಗಕ್ಕೆ ಹೋಗುವ ದಾರಿಯೇ ಮುಚ್ಚಿತೆಂದು ಹಜೀರಾ ಮಚ್ಛೀಮಾರ್ ಸಮಿತಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2016ರ ಜನವರಿಯಲ್ಲಿ ಪುಣೆ ಪೀಠ ವಿಸ್ತರಣೆಯ ಪರಿಸರ ಅನುಮತಿಯನ್ನು ರದ್ದು ಮಾಡಿ, 25 ಕೋಟಿ ರೂಪಾಯಿ ಕಟ್ಟಲು ಬಂದರು ಕಂಪನಿಗೆ ಹೇಳಿತು. ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಕ್ರೇನುಗಳು ನಿಲ್ಲಲಿಲ್ಲ. 2020ರ ನವೆಂಬರಿನಿಂದ ಹಜೀರಾ–ಘೋಘಾ ನಡುವೆ ವಾಹನ ಹೊರುವ ಹಡಗೂ ಓಡುತ್ತಿದೆ. 370 ಕಿಲೋಮೀಟರ್ ರಸ್ತೆ 90 ಕಿಲೋಮೀಟರ್ ಸಮುದ್ರವಾಗಿದೆ. ಭಾವನಗರದ ನೆಂಟರ ಮನೆಗೆ ಹೊರಟ ಸೂರತ್ತಿನವರಿಗೆ ಅದು ವರವೇ ಸರಿ.

ಅಹಮದಾಬಾದಿನಲ್ಲಿ ಈ ಚಿತ್ರ ಬೇರೆ. ಸಾಬರ್ಮತಿ ರಿವರ್‌ಫ್ರಂಟಿನಲ್ಲಿ ನಿಂತಿರುವುದು ನರ್ಮದಾ ಕಾಲುವೆಯ ನೀರು, ಅದನ್ನು ವಾಸ್ನಾ ಬ್ಯಾರೇಜು ತಡೆದಿಟ್ಟಿದೆ. 2020ರ ಅಕ್ಟೋಬರ್ 31ರಂದು ಅಲ್ಲಿಂದ ಕೇವಡಿಯಾಕ್ಕೆ ಸೀಪ್ಲೇನ್ ಹಾರಿತು, ಮರುವರ್ಷ ನಿಂತೂಹೋಯಿತು. 1451ರ ಕಾಂಕರಿಯಾ ಕೆರೆಯಲ್ಲಿ ದೋಣಿವಿಹಾರವಿದೆ. ಮೀನಿಗೆ ಹಿಟ್ಟಿನುಂಡೆ ಹಾಕುವ ಜನರ ನಡುವೆ ಗಾಳ ಹಿಡಿದು ಕೂರುವವನು ದಪ್ಪ ಚರ್ಮದವನೇ ಆಗಿರಬೇಕು. ನಮ್ಮ ಶೃಂಗೇರಿಯ ತುಂಗೆ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ವಡೋದರಾದ ಹೆಸರೆತ್ತಿದರೆ ಹರಣಿ ಕೆರೆ ನೆನಪಾಗುತ್ತದೆ. 2024ರ ಜನವರಿ 18ರಂದು ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಕೆರೆ ಪಾಲಿಕೆಯದು, ದೋಣಿ ನಡೆಸುತ್ತಿದ್ದವರು ಗುತ್ತಿಗೆದಾರರು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರು, ಲೈಫ್ ಜಾಕೆಟ್ ಎಲ್ಲರ ಮೈಮೇಲೂ ಇರಲಿಲ್ಲ. ಹಲಗೆಯ ಮೇಲೆ ನಿಂತು ಟಿಕೆಟ್ ಹರಿಯುವವನಿಗೆ ಒಂದೇ ಮಾತು ಗೊತ್ತಿರಬೇಕಿತ್ತು: ‘ಸಾಕು, ಇನ್ನು ಹತ್ತಬೇಡಿ.’ ಹಾಗೆ ಹೇಳಿದರೆ ಮಾಲೀಕ ಬೈಯುವುದಿಲ್ಲ ಎಂಬ ಧೈರ್ಯವೂ ಅವನಿಗೆ ಇರಬೇಕಿತ್ತು.

ನಮ್ಮ ಕಡಲಿನವರಿಗೆ ಹಜೀರಾ ದೂರದ ಸುದ್ದಿಯಲ್ಲ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಅಂಕೋಲೆಯ ಕೇಣಿಯಲ್ಲಿ ಖಾಸಗಿ ಬಂದರು ಬೇಡವೆಂದು ಮೀನುಗಾರರು ಬೀದಿಗಿಳಿದದ್ದು ನಮ್ಮ ಕಣ್ಣೆದುರಿನ ಸಂಗತಿ. ಮಲ್ಪೆಯ ದಕ್ಕೆಯಲ್ಲಿ ಜಾಗವಿಲ್ಲದೆ ಬೋಟುಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಹೊರಗಿನ ಬೋಟಿನವರು ಒಳಗಿನ ಬೋಟನ್ನು ದಾಟಿಯೇ ದಡ ಸೇರಬೇಕು, ಯಾರೂ ತಡೆಯುವುದಿಲ್ಲ. ಕಂಪನಿಯ ಜೆಟ್ಟಿಯಿಂದ ಇಂಥ ಸಲಿಗೆಯನ್ನು ನಿರೀಕ್ಷಿಸಲಾಗದು, ಅಲ್ಲಿ ಎಲ್ಲವೂ ಕಾಗದದ ಮೇಲಿರಬೇಕು. ದೋಣಿ ಓಡಾಡುವ ದಾರಿ ಎಲ್ಲಿ, ಹಡಗು ಬರುವ ಹೊತ್ತನ್ನು ಯಾರು ಯಾರಿಗೆ ತಿಳಿಸಬೇಕು, ಹಡಗಿನ ಪಂಖಕ್ಕೆ ಸಿಕ್ಕಿ ಬಲೆ ಹರಿದರೆ ಎಷ್ಟು ದಿನದೊಳಗೆ ಯಾರು ದುಡ್ಡು ಕೊಡಬೇಕು ಎಂಬುದನ್ನು ಮೊದಲ ಕಂಬ ಊರುವ ಮುಂಚೆಯೇ ಗುತ್ತಿಗೆ ಕರಾರಿನಲ್ಲಿ ಕನ್ನಡದಲ್ಲೇ ಬರೆದು, ಊರಿನ ತಂಡೇಲರಿಂದಲೂ ಸಹಿ ಹಾಕಿಸಬೇಕು.