ಆಸ್ಟಿನ್‌ನ ಮಸೂದೆಗಳು, ಎಡ್ಜ್‌ವುಡ್‌ನ ಶಾಲೆಗಳು

ಅಮೆರಿಕದಲ್ಲಿ ಶಾಲಾ ಶಿಕ್ಷಣ ಮುಖ್ಯವಾಗಿ ರಾಜ್ಯಗಳ ಹೊಣೆಯಾಗಿದ್ದು, ರಾಜ್ಯಗಳು ಅದನ್ನು ‘ಸ್ಕೂಲ್ ಡಿಸ್ಟ್ರಿಕ್ಟ್’ ಎಂಬ ಸ್ಥಳೀಯ ಸಂಸ್ಥೆಗಳ ಮೂಲಕ ನಡೆಸುತ್ತವೆ. ಕರ್ನಾಟಕದ ಕ್ಷೇತ್ರ ಶಿಕ್ಷಣಾಧಿಕಾರಿಯ ವ್ಯಾಪ್ತಿಯಂತೆ ಇದು ಕೇವಲ ಆಡಳಿತದ ಅನುಕೂಲಕ್ಕಾದ ವಿಭಾಗವಲ್ಲ. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಅದಕ್ಕೆ ಚುನಾಯಿತ ಮಂಡಳಿಯಿದ್ದು, ತನ್ನ ಗಡಿಯೊಳಗಿನ ಮನೆ, ಅಂಗಡಿ, ಕಾರ್ಖಾನೆಗಳ ಮೇಲೆ ಆಸ್ತಿ ತೆರಿಗೆ ವಿಧಿಸಿ, ಆ ಹಣವನ್ನೂ ರಾಜ್ಯದ ಅನುದಾನವನ್ನೂ ಸೇರಿಸಿ ಶಿಕ್ಷಕರ ಸಂಬಳದಿಂದ ಹಿಡಿದು ಶಾಲಾ ಬಸ್ಸಿನವರೆಗೆ ಎಲ್ಲ ಖರ್ಚನ್ನೂ ಅದೇ ನಿಭಾಯಿಸುತ್ತದೆ. ಆದರೆ ತೆರಿಗೆ ದರ ಎಲ್ಲಿಯವರೆಗೆ ಏರಬಹುದು, ಪ್ರತಿ ಮಗುವಿಗೆ ರಾಜ್ಯ ಎಷ್ಟು ಕೊಡಬೇಕು, ಮಕ್ಕಳನ್ನು ಹೇಗೆ ಎಣಿಸಬೇಕು ಎಂಬ ಮೂರೂ ನಿರ್ಧಾರಗಳು ರಾಜಧಾನಿ ಆಸ್ಟಿನ್‌ನ ಶಾಸನಸಭೆಯಲ್ಲಿ ಆಗುವುದರಿಂದ, ಅಲ್ಲಿ ಮಂಡನೆಯಾಗುವ ಒಂದೊಂದು ಮಸೂದೆಯೂ ದೂರದ ಊರಿನ ತರಗತಿಯ ಸ್ವರೂಪವನ್ನೇ ಬದಲಿಸಬಲ್ಲದು.

ಇದಕ್ಕೆ ಸ್ಯಾನ್ ಆಂಟೋನಿಯೊ ನಗರದ ಪಶ್ಚಿಮ ಭಾಗದ ಎಡ್ಜ್‌ವುಡ್‌ಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ವಾಣಿಜ್ಯ ಮತ್ತು ಕೈಗಾರಿಕೆಗಳ ಆಸ್ತಿ ಬಹಳ ಕಡಿಮೆಯಿದ್ದ, ಶೇ 90ರಷ್ಟು ಮಕ್ಕಳು ಮೆಕ್ಸಿಕನ್ ಮೂಲದವರಾಗಿದ್ದ ಈ ಡಿಸ್ಟ್ರಿಕ್ಟ್ 1967-68ರಲ್ಲಿ ಪ್ರತಿ 100 ಡಾಲರ್ ಆಸ್ತಿ ಮೌಲ್ಯಕ್ಕೆ 1.05 ಡಾಲರ್ ತೆರಿಗೆ ಹಾಕಿಯೂ ಸ್ಥಳೀಯವಾಗಿ ಪ್ರತಿ ವಿದ್ಯಾರ್ಥಿಗೆ ಕೇವಲ 26 ಡಾಲರ್ ಕೂಡಿಸಲು ಶಕ್ತವಾಯಿತು. ಅದೇ ನಗರದ ಶ್ರೀಮಂತ ಬಡಾವಣೆಯಾದ ಅಲಾಮೊ ಹೈಟ್ಸ್ 85 ಸೆಂಟ್‌ಗಳ ಕಡಿಮೆ ದರದಲ್ಲೇ 333 ಡಾಲರ್ ಸಂಗ್ರಹಿಸಿತು. ಹೆಚ್ಚು ತೆರಿಗೆ ತೆತ್ತವರ ಮಕ್ಕಳಿಗೆ ಕಡಿಮೆ ಶಿಕ್ಷಣ ಎಂಬ ಈ ವಿಪರೀತ ಸೃಷ್ಟಿಯಾದದ್ದು ಎಡ್ಜ್‌ವುಡ್ ನಿವಾಸಿಗಳ ಉದಾಸೀನದಿಂದಲ್ಲ, ರಾಜ್ಯ ರೂಪಿಸಿದ್ದ ಹಣಕಾಸು ಪದ್ಧತಿಯಿಂದ.

ಡಿಮೆಟ್ರಿಯೊ ರೊಡ್ರಿಗಸ್ ಮತ್ತು ಇತರ ಪೋಷಕರು 1968ರಲ್ಲಿ ಹೂಡಿದ ದಾವೆ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1973ರಲ್ಲಿ 5-4 ಮತಗಳಿಂದ ಸೋತಿತು. ಶಿಕ್ಷಣವು ಒಕ್ಕೂಟದ ಸಂವಿಧಾನ ಖಾತರಿಪಡಿಸಿದ ಮೂಲಭೂತ ಹಕ್ಕಲ್ಲ ಎಂದು ಬಹುಮತದ ತೀರ್ಪು ಹೇಳಿತು. ಆ ಬಾಗಿಲು ಮುಚ್ಚಿದ ಮೇಲೆ ಎಡ್ಜ್‌ವುಡ್ ರಾಜ್ಯದ ಸಂವಿಧಾನದತ್ತ ತಿರುಗಿತು. ಸಾರ್ವಜನಿಕ ಉಚಿತ ಶಾಲೆಗಳ ‘ದಕ್ಷ ವ್ಯವಸ್ಥೆ’ಯನ್ನು ಪೋಷಿಸುವುದು ಶಾಸನಸಭೆಯ ಕರ್ತವ್ಯ ಎಂಬ ಅದರ ವಿಧಿಯನ್ನು ಆಧರಿಸಿ ಟೆಕ್ಸಾಸ್ ಸುಪ್ರೀಂ ಕೋರ್ಟ್ 1989ರಲ್ಲಿ ಸರ್ವಾನುಮತದಿಂದ ಹಣಕಾಸು ಪದ್ಧತಿಯನ್ನು ಅಸಿಂಧುಗೊಳಿಸಿತು, ಅತಿ ಶ್ರೀಮಂತ ಮತ್ತು ಅತಿ ಬಡ ಡಿಸ್ಟ್ರಿಕ್ಟ್‌ಗಳ ನಡುವೆ ಪ್ರತಿ ವಿದ್ಯಾರ್ಥಿಯ ಪಾಲಿನ ಆಸ್ತಿ ಮೌಲ್ಯದಲ್ಲಿ ಆಗ 700ಕ್ಕೆ 1ರ ಅಂತರವಿತ್ತು. ಇದರ ಫಲವಾಗಿ 1993ರಲ್ಲಿ ಬಂದ ‘ರಿಕ್ಯಾಪ್ಚರ್’ ಕಾನೂನು, ಅಂದರೆ ಆಸ್ತಿ ಮೌಲ್ಯ ಹೆಚ್ಚಿರುವ ಡಿಸ್ಟ್ರಿಕ್ಟ್‌ಗಳ ತೆರಿಗೆಯಲ್ಲಿ ಒಂದು ಭಾಗವನ್ನು ಪಡೆದು ಉಳಿದವುಗಳಿಗೆ ಹಂಚುವ ವ್ಯವಸ್ಥೆ, ಇಂದಿಗೂ ಜಾರಿಯಲ್ಲಿದೆ. ಇಪ್ಪತ್ತೈದು ವರ್ಷಗಳ ಹೋರಾಟದಿಂದ ದಕ್ಕಿದ ಈ ಸಮಾನತೆ ಅಪೂರ್ಣವಾದರೂ ದೊಡ್ಡದು.

ಆ ಗಳಿಕೆಯನ್ನು ಈಗ ಪರೀಕ್ಷೆಗೆ ಒಡ್ಡಿರುವುದು 2025ರ ಎರಡು ಕಾನೂನುಗಳು. ಮೊದಲನೆಯದು, ರಾಜ್ಯಪಾಲ ಗ್ರೆಗ್ ಅಬಾಟ್ ಆ ವರ್ಷದ ಮೇ ತಿಂಗಳಲ್ಲಿ ಸಹಿ ಹಾಕಿದ ‘ಶಿಕ್ಷಣ ಉಳಿತಾಯ ಖಾತೆ’ ಯೋಜನೆ: ಖಾಸಗಿ ಶಾಲೆಗೆ ಸೇರುವ ಮಗುವಿಗೆ ರಾಜ್ಯದ ಬೊಕ್ಕಸದಿಂದ ವರ್ಷಕ್ಕೆ ಸುಮಾರು 10,000 ಡಾಲರ್ ನೀಡುವ, 2026-27ರ ಶೈಕ್ಷಣಿಕ ವರ್ಷದಿಂದ ಜಾರಿಯಾಗುವ ಈ ಯೋಜನೆಗೆ ಆರಂಭದಲ್ಲಿ 100 ಕೋಟಿ ಡಾಲರ್ ಮೀಸಲಿಡಲಾಗಿದೆ. ಎರಡನೆಯದು, ಸಾರ್ವಜನಿಕ ಶಾಲೆಗಳಿಗೆ ಸುಮಾರು 850 ಕೋಟಿ ಡಾಲರ್ ಒದಗಿಸಿದ ಕಾನೂನು. ಮೊತ್ತ ದೊಡ್ಡದೇ ಆದರೂ ಅದರ ಬಹುಭಾಗ ಸಂಬಳ ಏರಿಕೆಯಂಥ ನಿರ್ದಿಷ್ಟ ಬಾಬತ್ತುಗಳಿಗೆ ಕಟ್ಟಿಹಾಕಲ್ಪಟ್ಟಿದ್ದು, ಡಿಸ್ಟ್ರಿಕ್ಟ್ ತನ್ನ ವಿವೇಚನೆಯಂತೆ ಬಳಸಬಹುದಾದ ‘ಮೂಲ ಅನುದಾನ’ 2019ರಿಂದ ನಿಂತಲ್ಲೇ ನಿಂತಿದ್ದ 6,160 ಡಾಲರ್‌ಗಳಿಂದ 6,215 ಡಾಲರ್‌ಗಳಿಗೆ, ಅಂದರೆ ಪ್ರತಿ ವಿದ್ಯಾರ್ಥಿಗೆ 55 ಡಾಲರ್‌ಗಳಷ್ಟು ಮಾತ್ರ ಏರಿದೆ. ಆರು ವರ್ಷಗಳ ಬೆಲೆ ಏರಿಕೆಯ ಎದುರು ಇದು ಏರಿಕೆಯೇ ಅಲ್ಲ.

ಉಳಿತಾಯ ಖಾತೆಯನ್ನು ಸಮರ್ಥಿಸುವವರ ವಾದ ತಳ್ಳಿಹಾಕುವಂಥದ್ದಲ್ಲ: ಹಣವಂತರಿಗೆ ಇರುವ ಶಾಲೆಯ ಆಯ್ಕೆ ಬಡವರಿಗೂ ಇರಲಿ ಎಂಬುದು ನ್ಯಾಯವಾದ ಆಸೆ, ಮತ್ತು ಅರ್ಜಿಗಳು ಮಿತಿ ಮೀರಿದಾಗ ಅಂಗವಿಕಲ ಮಕ್ಕಳಿಗೂ ಕಡಿಮೆ ಆದಾಯದ ಕುಟುಂಬಗಳಿಗೂ ಆದ್ಯತೆ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಆದರೆ ಯಾವ ಮಗುವನ್ನು ಸೇರಿಸಿಕೊಳ್ಳಬೇಕೆಂಬ ಅಧಿಕಾರ ಖಾಸಗಿ ಶಾಲೆಯ ಬಳಿಯೇ ಉಳಿದಿರುವುದರಿಂದ ಅಂತಿಮ ಆಯ್ಕೆ ಪೋಷಕರದಾಗದೆ ಶಾಲೆಯದಾಗುತ್ತದೆ. ಎಡ್ಜ್‌ವುಡ್‌ಗೆ ಇಂಥ ಯೋಜನೆ ಹೊಸದೇನೂ ಅಲ್ಲ. ಖಾಸಗಿ ದಾನಿಗಳು 5 ಕೋಟಿ ಡಾಲರ್ ಒದಗಿಸುವ ವಾಗ್ದಾನದೊಂದಿಗೆ 1998ರಿಂದ ಹತ್ತು ವರ್ಷ ನಡೆಸಿದ ವಿದ್ಯಾರ್ಥಿವೇತನ ಪ್ರಯೋಗಕ್ಕೆ ಇದೇ ಡಿಸ್ಟ್ರಿಕ್ಟ್ ನೆಲೆಯಾಗಿತ್ತು.

ಮಕ್ಕಳು ಹೊರಹೋದಾಗ ಡಿಸ್ಟ್ರಿಕ್ಟ್‌ನ ಲೆಕ್ಕ ಏನಾಗುತ್ತದೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. 25 ಮಕ್ಕಳ ತರಗತಿಯಿಂದ ಇಬ್ಬರು ಬಿಟ್ಟರೆ ಮೂಲ ಅನುದಾನವೊಂದರಲ್ಲೇ 12,430 ಡಾಲರ್ ಕಡಿಮೆಯಾಗುತ್ತದೆ. ಆದರೆ ಆ ತರಗತಿಯ ಶಿಕ್ಷಕರ ಸಂಬಳ, ಕೊಠಡಿಯ ವಿದ್ಯುತ್, ಬಸ್ಸಿನ ಚಾಲಕನ ಕೂಲಿ ಒಂದು ಡಾಲರ್‌ನಷ್ಟೂ ಇಳಿಯುವುದಿಲ್ಲ. ನಷ್ಟವನ್ನು ತುಂಬಿಕೊಳ್ಳಲು ಗ್ರಂಥಪಾಲಕರ, ಸಂಗೀತ ಶಿಕ್ಷಕರ ಹುದ್ದೆಗಳು ಮೊದಲು ಹೋಗುತ್ತವೆ, ಅನಂತರ ಶಾಲೆಯೇ ಮುಚ್ಚುತ್ತದೆ. ಇದರ ಮೇಲೆ ಟೆಕ್ಸಾಸ್ ಅನುದಾನವನ್ನು ದಾಖಲಾತಿಯ ಆಧಾರದಲ್ಲಿ ಕೊಡದೆ ‘ಸರಾಸರಿ ದೈನಂದಿನ ಹಾಜರಾತಿ’ಯ ಆಧಾರದಲ್ಲಿ ಕೊಡುತ್ತದೆ, ಅನಾರೋಗ್ಯದಿಂದಲೋ ವಾಹನವಿಲ್ಲದೆಯೋ ಮಕ್ಕಳು ಹೆಚ್ಚು ದಿನ ತಪ್ಪಿಸಿಕೊಳ್ಳುವ ಬಡ ಪ್ರದೇಶಕ್ಕೆ ಇದು ಎರಡನೆಯ ಪೆಟ್ಟು. ದಾಖಲಾತಿಯ ಎಣಿಕೆಗೆ ಬದಲಾಯಿಸಬೇಕೆಂಬ ಮಸೂದೆಗಳು ಮತ್ತೆ ಮತ್ತೆ ಮಂಡನೆಯಾದರೂ ಕಾನೂನಾಗಿಲ್ಲ. ಬಡ ಮಕ್ಕಳ ಪರವಾಗಿ ಶಾಸನಸಭೆ ನಿಜವಾಗಿ ಏನಾದರೂ ಮಾಡಬೇಕೆಂದಿದ್ದರೆ, ಉಳಿತಾಯ ಖಾತೆಗಿಂತ ಮೊದಲು ಆಗಬೇಕಾದ ಕೆಲಸ ಇದೇ.

ಈ ಒತ್ತಡ ಬಡ ಬಡಾವಣೆಗಳಿಗಷ್ಟೇ ಸೀಮಿತವೂ ಅಲ್ಲ. ಕನ್ನಡ ಕುಟುಂಬಗಳೂ ನೆಲೆಸಿರುವ ಡಲ್ಲಾಸ್ ಬಳಿಯ ಪ್ಲೇನೊ, ರಿಕ್ಯಾಪ್ಚರ್‌ಗೆ ಹಣ ತೆರುವಷ್ಟು ಅನುಕೂಲವಂತ ಡಿಸ್ಟ್ರಿಕ್ಟ್ ಆಗಿದ್ದರೂ, ದಾಖಲಾತಿ ಕುಸಿದ ಕಾರಣ ನಾಲ್ಕು ಶಾಲೆಗಳನ್ನು ಮುಚ್ಚಲು 2024ರಲ್ಲಿ ತೀರ್ಮಾನಿಸಿತು. ಟೆಕ್ಸಾಸ್ ಶಾಸನಸಭೆಯ ನಿಯತ ಅಧಿವೇಶನ ಎರಡು ವರ್ಷಕ್ಕೊಮ್ಮೆ, 140 ದಿನ ಮಾತ್ರ ನಡೆಯುತ್ತದೆ. ಮುಂದಿನದು 2027ರ ಜನವರಿಯಲ್ಲಿ. ಅಲ್ಲಿನ ಪೋಷಕರು, ಕನ್ನಡಿಗರೂ ಸೇರಿದಂತೆ, ಶಾಲೆ ಮುಚ್ಚುವ ದಿನ ಮಂಡಳಿಯ ಸಭೆಗೆ ಹೋಗಿ ಪ್ರತಿಭಟಿಸುವುದಕ್ಕಿಂತ, ಆ 140 ದಿನಗಳಲ್ಲಿ ತಮ್ಮ ಶಾಸಕರ ಮುಂದೆ ಹಾಜರಾತಿ ಮತ್ತು ಮೂಲ ಅನುದಾನದ ಲೆಕ್ಕವನ್ನಿಟ್ಟು ಉತ್ತರ ಕೇಳಬೇಕು.