ಒಂದೇ ದಿನದಲ್ಲಿ ವಂಡರ್‌ಲಾನೂ ಫಿಲ್ಮ್ ಸಿಟಿನೂ? ಕೊಂಡಾಪುರದಿಂದ ಹೊರಡುವ ಮುನ್ನ

ಹೈದರಾಬಾದಿನ ಕೊಂಡಾಪುರದಲ್ಲಿ ಕನ್ನಡದ ಮನೆಗಳಿಗೇನೂ ಬರವಿಲ್ಲ. ಹೈಟೆಕ್ ಸಿಟಿಯಲ್ಲೋ ಗಚ್ಚಿಬೌಲಿಯಲ್ಲೋ ಕೆಲಸ. ರಜೆ ಬಂತೆಂದರೆ ಕಲಬುರಗಿ, ರಾಯಚೂರು, ಬೆಂಗಳೂರು ಕಡೆಯಿಂದ ನೆಂಟರು. ಗೋಲ್ಕೊಂಡ, ಚಾರ್‌ಮಿನಾರ್ ಮುಗಿದ ಮೇಲೆ ಮಕ್ಕಳ ಬಾಯಲ್ಲಿ ಎರಡು ಹೆಸರು ಉಳಿಯುತ್ತವೆ: ವಂಡರ್‌ಲಾ ಮತ್ತು ರಾಮೋಜಿ ಫಿಲ್ಮ್ ಸಿಟಿ. ಊರಿಗೆ ಹೊರಡಲು ಇನ್ನೊಂದೇ ದಿನ ಬಾಕಿ. "ಎರಡೂ ಮುಗಿಸಿಬಿಡೋಣ" ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ.

ಈ ಆಸೆಗೆ ಬಿಡದಿಯೂ ಸ್ವಲ್ಪ ಕಾರಣ. ಮೈಸೂರು ರಸ್ತೆಯಲ್ಲಿ 2005ರಲ್ಲಿ ವಂಡರ್‌ಲಾ ಬಂತು, 2008ರಲ್ಲಿ ಇನ್ನೋವೇಟಿವ್ ಫಿಲ್ಮ್ ಸಿಟಿ. ಬಿಗ್ ಬಾಸ್ ಮನೆ ಇದ್ದದ್ದೂ ಆ ಫಿಲ್ಮ್ ಸಿಟಿಯಲ್ಲೇ. ಎರಡರ ನಡುವೆ ಕೆಲವೇ ಕಿಲೋಮೀಟರ್. ಹೈದರಾಬಾದಿನಲ್ಲೂ ಒಂದು ವಂಡರ್‌ಲಾ, ಒಂದು ಫಿಲ್ಮ್ ಸಿಟಿ ಎಂದಾಗ ಬೆಂಗಳೂರಿನವರ ಮನಸ್ಸಿನಲ್ಲಿ ಬಿಡದಿಯ ಚಿತ್ರವೇ ಮೂಡುತ್ತದೆ. ಆದರೆ ಇಲ್ಲಿಯ ಲೆಕ್ಕ ಬೇರೆ.

ತಪ್ಪು ಕಲ್ಪನೆ 1: ಎರಡೂ ಔಟರ್ ರಿಂಗ್ ರೋಡಿನಲ್ಲೇ ಇವೆ, ಅಕ್ಕಪಕ್ಕವೇ.

ವಾಸ್ತವ: ಹೈದರಾಬಾದಿನ ಔಟರ್ ರಿಂಗ್ ರೋಡಿನ ಒಟ್ಟು ಉದ್ದ 158 ಕಿ.ಮೀ. ಆ ರಸ್ತೆಯ ಮೇಲಿದೆ ಎಂದ ಮಾತ್ರಕ್ಕೆ ಹತ್ತಿರ ಎಂದಾಗುವುದಿಲ್ಲ. ಕೊಂಡಾಪುರದವರು ಗಚ್ಚಿಬೌಲಿ ದಾಟಿ ನಾನಕ್‌ರಾಮ್‌ಗುಡದ 19ನೇ ಎಕ್ಸಿಟ್‌ನಲ್ಲಿ ರಿಂಗ್ ರೋಡ್ ಹತ್ತುತ್ತಾರೆ. ಶಂಷಾಬಾದ್ ವಿಮಾನ ನಿಲ್ದಾಣದ ಕಡೆ ಹೊರಟರೆ ಎಕ್ಸಿಟ್ ಸಂಖ್ಯೆ ಇಳಿಯುತ್ತಾ ಹೋಗುತ್ತದೆ: 16 ಶಂಷಾಬಾದ್, 14 ತುಕ್ಕುಗುಡ, 13 ರಾವಿರ್ಯಾಲ. ವಂಡರ್‌ಲಾಕ್ಕೆ ಇಳಿಯಬೇಕಾದದ್ದು ಈ 13ರಲ್ಲಿ. ಫಿಲ್ಮ್ ಸಿಟಿಗಾದರೆ ಇನ್ನೂ ಮುಂದೆ ಹೋಗಿ 11ನೇ ಎಕ್ಸಿಟ್ ಪೆದ್ದ ಅಂಬರ್‌ಪೇಟೆಯಲ್ಲಿ ಇಳಿದು, ವಿಜಯವಾಡ ಹೆದ್ದಾರಿ ಹಿಡಿದು ಮತ್ತಷ್ಟು ದೂರ ಸಾಗಬೇಕು. ಗಚ್ಚಿಬೌಲಿಯಿಂದ ಪೆದ್ದ ಅಂಬರ್‌ಪೇಟೆವರೆಗೆ ರಿಂಗ್ ರೋಡೇ ಸುಮಾರು 60 ಕಿ.ಮೀ. ಎರಡು ಪಾರ್ಕುಗಳ ನಡುವೆ ಹತ್ತಿರ ಹತ್ತಿರ 30 ಕಿ.ಮೀ.

ಊರೊಳಗಿಂದ ಮೆಹದಿಪಟ್ನಂ, ಎಲ್.ಬಿ. ನಗರ, ಹಯಾತ್‌ನಗರದ ಮೇಲೆ ಹೋದರೆ ಫಿಲ್ಮ್ ಸಿಟಿ ಹತ್ತಿರವಾಗುತ್ತದೆ ಎಂದು ಮ್ಯಾಪ್ ತೋರಿಸಬಹುದು. ಕಿಲೋಮೀಟರ್ ಕಡಿಮೆ, ಹೌದು. ಸಿಗ್ನಲ್‌ಗಳಲ್ಲಿ ಕಳೆಯುವ ಸಮಯ ಸೇರಿಸಿದರೆ ಟೋಲ್ ಕೊಟ್ಟು ಸುತ್ತಿ ಹೋಗುವುದೇ ಮೇಲು.

ತಪ್ಪು ಕಲ್ಪನೆ 2: ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ನೋಡಿದರಾಯಿತು.

ವಾಸ್ತವ: ಒಂದೇ ದಿನದ ಯೋಜನೆ ಕೈಕೊಡುವುದು ದೂರಕ್ಕಿಂತ ಹೆಚ್ಚಾಗಿ ಬಾಗಿಲು ತೆರೆಯುವ, ಮುಚ್ಚುವ ಸಮಯದಿಂದ. ಫಿಲ್ಮ್ ಸಿಟಿ ಸಾಮಾನ್ಯವಾಗಿ ಬೆಳಿಗ್ಗೆ 9ಕ್ಕೆ ತೆರೆದು ಸಂಜೆ 5.30ಕ್ಕೆ ಮುಗಿಯುತ್ತದೆ. ವಂಡರ್‌ಲಾ ತೆರೆಯುವುದೇ 11ಕ್ಕೆ. ನೀರಿನ ಆಟ ಶುರುವಾಗುವುದು ಇನ್ನೂ ತಡವಾಗಿ, ನಿಲ್ಲುವುದು ಉಳಿದ ಆಟಗಳಿಗಿಂತ ಮೊದಲು. ಅಂದರೆ ಎರಡೂ ಒಂದೇ ಹೊತ್ತಿನಲ್ಲಿ ನಡೆಯುವ ಜಾಗಗಳು. ಇಲ್ಲಿ ಕಳೆಯುವ ಪ್ರತಿ ಗಂಟೆಯೂ ಅಲ್ಲಿಂದ ಕಿತ್ತುಕೊಂಡದ್ದು.

ಕಾಗದದ ಮೇಲೆ ಒಮ್ಮೆ ಬರೆದು ನೋಡಿ. ಏಳೂವರೆಗೆ ಕೊಂಡಾಪುರ ಬಿಟ್ಟು 9ಕ್ಕೆ ಫಿಲ್ಮ್ ಸಿಟಿ ಗೇಟು ತಲುಪಿದಿರಿ ಎನ್ನೋಣ. ನಿಮ್ಮ ಕಾರು ಪಾರ್ಕಿಂಗಿನಲ್ಲೇ ಉಳಿಯುತ್ತದೆ. ಅಲ್ಲಿಂದ ಅವರ ಬಸ್ಸು ಒಳಗಿನ ಯುರೇಕಾ ಎಂಬ ಜಾಗಕ್ಕೆ ಒಯ್ಯುತ್ತದೆ. ಸೆಟ್‌ಗಳ ಸುತ್ತಾಟಕ್ಕೆ ಮತ್ತೊಂದು ಬಸ್ಸು, ಅದಕ್ಕೂ ಸಾಲು. ಮಧ್ಯಾಹ್ನ 1ಕ್ಕೆ ಮನಸ್ಸು ಗಟ್ಟಿಮಾಡಿ ಎದ್ದರೂ ಪಾರ್ಕಿಂಗಿಗೆ ಮರಳಿ, ಅನ್ನ ತಿಂದು, ರಾವಿರ್ಯಾಲ ತಲುಪುವಾಗ ಎರಡೂವರೆ. ಟಿಕೆಟ್, ಬ್ಯಾಗ್ ತಪಾಸಣೆ, ಲಾಕರ್, ಬಟ್ಟೆ ಬದಲಾವಣೆ ಮುಗಿಯುವಾಗ ಮೂರು ದಾಟಿರುತ್ತದೆ. ನೀರಿನ ಆಟಕ್ಕೆ ಸಿಗುವುದು ಸುಮಾರು ಎರಡು ಗಂಟೆ. ಟಿಕೆಟ್ ಮಾತ್ರ ಇಡೀ ದಿನದ್ದು. ನಾಲ್ವರ ಕುಟುಂಬ ಎಂಟು ಪೂರ್ತಿ ಟಿಕೆಟ್ ಕೊಂಡು ಎರಡು ಅರ್ಧ ದಿನ ನೋಡಿದ ಲೆಕ್ಕ.

ತಿರುಗುಮುರುಗು ಮಾಡಿದರೆ ಇನ್ನೂ ಕಷ್ಟ. 11ಕ್ಕೆ ತೆರೆಯುವ ಜಾಗದಿಂದ ಮಧ್ಯಾಹ್ನ ಹೊರಟು ಫಿಲ್ಮ್ ಸಿಟಿ ಸೇರುವ ಹೊತ್ತಿಗೆ ಅಲ್ಲಿ ಬಸ್ ಸುತ್ತಾಟಕ್ಕೂ ಪ್ರದರ್ಶನಕ್ಕೂ ಸಮಯ ಉಳಿದಿರುವುದಿಲ್ಲ.

ತಪ್ಪು ಕಲ್ಪನೆ 3: ಎರಡೂ ಒಂದೇ ಬಗೆಯ ಪಾರ್ಕು, ಒಂದನ್ನು ಬೇಗಬೇಗ ಮುಗಿಸಬಹುದು.

ವಾಸ್ತವ: ವಂಡರ್‌ಲಾ ಮೈಯಿಂದ ಆಡುವ ಜಾಗ. ವಿ-ಗಾರ್ಡ್ ಕಂಪನಿಯ ಸ್ಥಾಪಕ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿ 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಹೆಸರಿನಲ್ಲಿ ಆರಂಭಿಸಿದ್ದು, ಬಿಡದಿಯನ್ನು ಹಾದು 2016ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂತು. ಇಲ್ಲಿಯ ರೀಕಾಯಿಲ್ ಎಂಬ ರೋಲರ್ ಕೋಸ್ಟರ್ ಮೊದಲು ಮುಂದಕ್ಕೆ ತಲೆಕೆಳಗಾಗಿ ಸುತ್ತಿಸಿ, ತುದಿ ಮುಟ್ಟಿದ ಮೇಲೆ ಅದೇ ಹಳಿಯಲ್ಲಿ ಹಿಮ್ಮುಖವಾಗಿ ವಾಪಸು ತರುತ್ತದೆ. ಹತ್ತಿ ಇಳಿಯಲು ಕೆಲವೇ ನಿಮಿಷ. ರಜಾದಿನದಲ್ಲಿ ಸಾಲು ಎಷ್ಟು ಹೊತ್ತು ಎಂದು ಕೇಳಬೇಡಿ.

ಫಿಲ್ಮ್ ಸಿಟಿ ಕೂತು, ನಿಂತು, ನಡೆದು ನೋಡುವ ಜಾಗ. ಈನಾಡು ಸಂಸ್ಥೆಯ ರಾಮೋಜಿ ರಾವ್ 1996ರಲ್ಲಿ ಕಟ್ಟಿಸಿದ್ದು. 2024ರ ಜೂನ್‌ನಲ್ಲಿ ಅವರು ತೀರಿಕೊಂಡರು. 1,666 ಎಕರೆಯ ಈ ಸ್ಟುಡಿಯೊ ಜಗತ್ತಿನಲ್ಲೇ ಅತಿ ದೊಡ್ಡದೆಂದು ಗಿನ್ನೆಸ್ ದಾಖಲೆಯಲ್ಲಿದೆ. ಲಾಲ್‌ಬಾಗ್ 240 ಎಕರೆ. ಅಂಥ ಏಳು ಲಾಲ್‌ಬಾಗ್ ಸೇರಿದಷ್ಟು ವಿಸ್ತಾರ. ವಿಮಾನ ನಿಲ್ದಾಣ, ರೈಲು ನಿಲ್ದಾಣದ ಸೆಟ್‌ಗಳು, ಬಾಹುಬಲಿಯ ಮಾಹಿಷ್ಮತಿ, ಚಿಟ್ಟೆಗಳ ತೋಟ, ಪಕ್ಷಿಧಾಮ, ಸಾಹಸ ಪ್ರದರ್ಶನ ಎಲ್ಲವೂ ಬೇರೆ ಬೇರೆ ದಿಕ್ಕಿನಲ್ಲಿವೆ. ಪ್ರದರ್ಶನಗಳಿಗೆ ನಿಗದಿತ ಸಮಯವಿದೆ. ಒಳಗೆ ಹೋದ ಕೂಡಲೇ ಆ ವೇಳಾಪಟ್ಟಿ ನೋಡಿ, ಅದಕ್ಕೆ ಹೊಂದುವಂತೆ ಬಸ್ಸು ಹತ್ತಿದವರು ಗೆದ್ದರು.

ನಟ ನಟಿಯರು ಎದುರಿಗೆ ಸಿಕ್ಕಾರೆಂಬ ಆಸೆಯೂ ಬೇಡ. ಚಿತ್ರೀಕರಣ ನಡೆಯುತ್ತಿದ್ದರೂ ಪ್ರವಾಸಿಗರ ದಾರಿಯೇ ಬೇರೆ. ಕನ್ನಡಿಗರಿಗೆ ಇಲ್ಲಿ ಇನ್ನೊಂದು ನಂಟಿದೆ: ಇಂದಿನ ಕಲರ್ಸ್ ಕನ್ನಡ 2000ದಲ್ಲಿ ಈಟಿವಿ ಕನ್ನಡವಾಗಿ ಶುರುವಾದದ್ದು ಇದೇ ರಾಮೋಜಿ ಸಮೂಹದಿಂದ. ಅದರ ಸುದ್ದಿಮನೆ ಇದ್ದದ್ದು ಈ ಆವರಣದಲ್ಲೇ. ಕನ್ನಡದ ಎಷ್ಟೋ ಪತ್ರಕರ್ತರು ಟಿವಿ ಕೆಲಸ ಕಲಿತದ್ದು ಇಲ್ಲೇ.

ತಪ್ಪು ಕಲ್ಪನೆ 4: ಉಟ್ಟ ಬಟ್ಟೆಯಲ್ಲೇ ನೀರಿಗಿಳಿಯಬಹುದು.

ವಾಸ್ತವ: ವಂಡರ್‌ಲಾದ ನೀರಿನ ಆಟಗಳಿಗೆ ನೈಲಾನಿನಂಥ ಸಿಂಥೆಟಿಕ್ ಈಜುಡುಗೆಯೇ ಬೇಕು. ಸೀರೆ, ಚೂಡಿದಾರ್, ಕಾಟನ್ ಟೀ ಶರ್ಟ್, ಜೀನ್ಸ್ ಯಾವುದೂ ನಡೆಯುವುದಿಲ್ಲ. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಜಾರುವ ಕೊಳವೆಯಲ್ಲಿ ತಡೆಯುತ್ತದೆ. ಅದರ ನೂಲು ಶುದ್ಧೀಕರಣದ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ಅಂಗಡಿ ಒಳಗೇ ಇದೆ, ಆದರೆ ನಾಲ್ಕು ಮಂದಿಗೆ ಅಲ್ಲೇ ಕೊಂಡರೆ ಜೇಬು ಹಗುರಾಗುತ್ತದೆ. ಹಿಂದಿನ ದಿನವೇ ಉದ್ದ ತೋಳಿನ ನೈಲಾನ್ ಟೀ ಶರ್ಟ್, ಮಂಡಿ ಮುಚ್ಚುವ ಪ್ಯಾಂಟು ತಂದಿಟ್ಟುಕೊಂಡರೆ ಅತ್ತೆ, ಅತ್ತಿಗೆಯರೂ ಸಂಕೋಚವಿಲ್ಲದೆ ನೀರಿಗಿಳಿಯುತ್ತಾರೆ.

ಬುತ್ತಿಯ ವಿಷಯವೂ ಹೀಗೆಯೇ. ಚಿತ್ರಾನ್ನ, ಚಪಾತಿ ಕಟ್ಟಿಕೊಂಡು ಹೋದರೆ ಗೇಟಿನಲ್ಲೇ ಬಿಡಬೇಕಾಗುತ್ತದೆ. ಬೆಳಗಿನ ತಿಂಡಿ ಮನೆಯಲ್ಲೇ ಗಟ್ಟಿಯಾಗಿ ಮುಗಿಸುವುದು ಲೇಸು.

ತಪ್ಪು ಕಲ್ಪನೆ 5: ಮಕ್ಕಳ ಟಿಕೆಟ್ಟಿಗೆ ವಯಸ್ಸೇ ಲೆಕ್ಕ.

ವಾಸ್ತವ: ವಂಡರ್‌ಲಾದಲ್ಲಿ ಎತ್ತರದ ಲೆಕ್ಕ. 85 ಸೆಂ.ಮೀ.ಗಿಂತ ಕುಳ್ಳಗಿರುವ ಮಗುವಿಗೆ ಟಿಕೆಟ್ ಇಲ್ಲ. 85ರಿಂದ 140ರವರೆಗೆ ಮಕ್ಕಳ ಟಿಕೆಟ್. ಮೇಲೆ ಹೋದರೆ ದೊಡ್ಡವರದ್ದು. ಹನ್ನೊಂದು ವರ್ಷದ ಉದ್ದನೆಯ ಹುಡುಗನಿಗೆ ಪೂರ್ತಿ ಟಿಕೆಟ್ ಬೀಳಬಹುದು. ಆ 140 ಸೆಂ.ಮೀ. ಗೆರೆ ದುಡ್ಡಿಗಷ್ಟೇ ಅಲ್ಲ: ಎದೆ ಝಲ್ಲೆನಿಸುವ ದೊಡ್ಡ ಆಟಗಳಲ್ಲಿ ಹಲವಕ್ಕೆ ಆ ಎತ್ತರ ದಾಟಿರಲೇಬೇಕು. ಮನೆಯ ಗೋಡೆಗೆ ನಿಲ್ಲಿಸಿ ಅಳೆದು ಹೊರಟರೆ, ಸಾಲಿನಲ್ಲಿ ಕಾದು ನಿಂತ ಮೇಲೆ ಮಗು ಅಳುತ್ತಾ ಹಿಂತಿರುಗುವುದು ತಪ್ಪುತ್ತದೆ. ಮಕ್ಕಳ ಬ್ಯಾಗ್ ಕಾಯಲು ಬರುವ ಅಜ್ಜಿಗೂ ಪ್ರವೇಶ ಟಿಕೆಟ್ ಬೇಕೇ ಬೇಕು.

ತಪ್ಪು ಕಲ್ಪನೆ 6: ಕಾರಿಲ್ಲದಿದ್ದರೆ ಬೈಕಿನಲ್ಲಿ ರಿಂಗ್ ರೋಡ್ ಹಿಡಿದರಾಯಿತು.

ವಾಸ್ತವ: ಔಟರ್ ರಿಂಗ್ ರೋಡಿನ ಮುಖ್ಯ ರಸ್ತೆಗೆ ಬೈಕು, ಆಟೊಗಳಿಗೆ ಪ್ರವೇಶವಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬಹುದು, ಬಹಳ ಹೊತ್ತು ಹಿಡಿಯುತ್ತದೆ. ಫಿಲ್ಮ್ ಸಿಟಿಗೆ ಮೆಟ್ರೊ ದಾರಿ ಅನುಕೂಲ: ಹೈಟೆಕ್ ಸಿಟಿ ಅಥವಾ ರಾಯದುರ್ಗದಲ್ಲಿ ನೀಲಿ ಮಾರ್ಗ ಹತ್ತಿ, ಅಮೀರ್‌ಪೇಟೆಯಲ್ಲಿ ಕೆಂಪು ಮಾರ್ಗಕ್ಕೆ ಬದಲಾಗಿ, ಎಲ್.ಬಿ. ನಗರದಲ್ಲಿ ಇಳಿದು ಬಸ್ಸು ಹಿಡಿಯುವುದು. ವಂಡರ್‌ಲಾದ ಬಳಿಗೆ ಮೆಟ್ರೊ ಹೋಗುವುದಿಲ್ಲ. ಆರೇಳು ಜನರಿದ್ದರೆ ಇಡೀ ದಿನಕ್ಕೆ ಗಾಡಿ ಮಾತಾಡಿಕೊಳ್ಳುವುದೇ ಸರಿ.

ತಪ್ಪು ಕಲ್ಪನೆ 7: ವಾರದ ನಡುವೆ ಹೋದರೆ ಖಾಲಿ ಇರುತ್ತದೆ.

ವಾಸ್ತವ: ಭಾನುವಾರಕ್ಕಿಂತ ಮಂಗಳವಾರ ವಾಸಿ, ನಿಜ. ಆದರೆ ತೆಲಂಗಾಣದಲ್ಲಿ ಬತುಕಮ್ಮ, ದಸರಾಕ್ಕೆ ಶಾಲೆಗಳಿಗೆ ಉದ್ದನೆಯ ರಜೆ. ಆಗ ಎಲ್ಲ ವಾರವೂ ಭಾನುವಾರವೇ. ಚಳಿಗಾಲದಲ್ಲಿ ಶಾಲಾ ಪ್ರವಾಸದ ಬಸ್ಸುಗಳು ವಾರದ ದಿನಗಳಲ್ಲೇ ಬರುತ್ತವೆ. ಕರ್ನಾಟಕದ ರಜೆಯನ್ನು ಮಾತ್ರ ನೋಡಿ ದಿನ ಗೊತ್ತುಮಾಡಬೇಡಿ. ಹಬ್ಬದ ಆಸುಪಾಸಿನಲ್ಲಿ ಬಾಗಿಲ ಸಮಯವೂ ಬದಲಾಗುತ್ತದೆ. ಹಿಂದಿನ ರಾತ್ರಿ ಒಮ್ಮೆ ಖಚಿತ ಮಾಡಿಕೊಳ್ಳಿ.

ತಪ್ಪು ಕಲ್ಪನೆ 8: ಎರಡನ್ನೂ ನೋಡಲೇಬೇಕೆಂದರೆ ಹತ್ತಿರದ್ದನ್ನು ಮೊದಲು ಮುಗಿಸಬೇಕು.

ವಾಸ್ತವ: ಎರಡು ದಿನ ಸಿಕ್ಕರೆ ದೂರದ್ದೇ ಮೊದಲು. ಬೇಗ ತೆರೆಯುವ ಫಿಲ್ಮ್ ಸಿಟಿಯಲ್ಲಿ ಮೊದಲ ದಿನ ಪೂರ್ತಿ ಕಳೆಯಿರಿ. ರಾತ್ರಿಗೆ ಆವರಣದಲ್ಲೇ ಸಿತಾರಾ, ತಾರಾ, ಶಾಂತಿನಿಕೇತನ, ಸಹಾರಾ ಎಂದು ಬೇರೆ ಬೇರೆ ದರದ ವಸತಿಗಳಿವೆ. ಮರುದಿನ ಅವಸರವಿಲ್ಲದೆ ಎದ್ದು ತಿಂಡಿ ತಿಂದು ಹೊರಟರೆ, ಬಾಗಿಲು ತೆರೆಯುವ 11ಕ್ಕೆ ಸರಿಯಾಗಿ ವಂಡರ್‌ಲಾ. ಸಂಜೆ ಮಕ್ಕಳು ಸುಸ್ತಾಗಿ ಕಾರಿನಲ್ಲೇ ನಿದ್ದೆ ಹೋಗುವಾಗ ನೀವು ಆಗಲೇ ಮನೆಯ ದಾರಿಯಲ್ಲಿರುತ್ತೀರಿ.

ಒಂದೇ ದಿನವಿದ್ದರೆ? ಆಯ್ಕೆಯನ್ನು ಜೊತೆಗಿರುವವರ ಮೇಲೆ ಬಿಡಿ. 140 ಸೆಂ.ಮೀ. ದಾಟಿದ ಹುಡುಗರ ದಂಡಿದ್ದರೆ ವಂಡರ್‌ಲಾ. ಅಜ್ಜ, ಅಜ್ಜಿ, ಪುಟ್ಟ ಮಗು ಎಲ್ಲರೂ ಸೇರಿದ್ದರೆ ಫಿಲ್ಮ್ ಸಿಟಿ. ಅಲ್ಲಿ ಬಸ್ಸು ಸುತ್ತಿಸುತ್ತದೆ, ಪ್ರದರ್ಶನಕ್ಕೆ ಕೂರಲು ಜಾಗವಿದೆ. ಬಿಟ್ಟುಹೋದದ್ದನ್ನು ನೋಡಲು ನೆಂಟರು ಮುಂದಿನ ರಜೆಗೆ ಹೇಗೂ ಬರುತ್ತಾರೆ.