ಲಮ್ ಅಮೆರಿಕದ ಟೀವಿಗೆ ಒಗ್ಗುತ್ತಿದ್ದಳೇ?

ಜಪಾನಿನ ಫ್ಯೂಜಿ ಟೆಲಿವಿಷನ್ ವಾಹಿನಿ 1981ರ ಅಕ್ಟೋಬರಿನಿಂದ 1986ರ ಮಾರ್ಚ್‌ವರೆಗೆ ಬಿತ್ತರಿಸಿದ ‘ಉರುಸೇ ಯಾತ್ಸುರಾ’, ಆ ದೇಶದ ಹಾಸ್ಯ ಅನಿಮೆಗಳ, ಅಂದರೆ ಕಾರ್ಟೂನ್ ಸರಣಿಗಳ, ಸಾಲಿನಲ್ಲಿ ಹಿರಿಯ ಹೆಸರು. ಅರ್ಧ ಗಂಟೆಯ 195 ಕಂತುಗಳು, ಮೇಲೆ ಆರು ಚಲನಚಿತ್ರಗಳು. ಇದಕ್ಕೆ ಮೂಲವಾದ ಚಿತ್ರಕಥೆ, ಅಂದರೆ ಮಾಂಗಾ, ರುಮಿಕೊ ತಕಾಹಶಿ ಎಂಬ ಲೇಖಕಿಯದು. 1978ರಲ್ಲಿ ‘ಶೋನೆನ್ ಸಂಡೇ’ ವಾರಪತ್ರಿಕೆಯಲ್ಲಿ ಶುರುವಾಗಿ 1987ರಲ್ಲಿ ಮುಗಿದ ಅದು 34 ಸಂಪುಟಗಳಷ್ಟು ಬೆಳೆಯಿತು. ಜಪಾನಿನಲ್ಲಿ ಇದರ ನಾಯಕಿ ಲಮ್‌ಳನ್ನು ಗುರುತಿಸದವರು ಕಡಿಮೆ. ಅಮೆರಿಕದಲ್ಲಿ ‘ಡ್ರ್ಯಾಗನ್ ಬಾಲ್’, ‘ಪೊಕೆಮಾನ್’ ನೋಡಿ ಬೆಳೆದವರಲ್ಲಿ ಬಹುಪಾಲು ಮಂದಿ ಆಕೆಯ ಹೆಸರನ್ನೇ ಕೇಳಿಲ್ಲ. ಇಷ್ಟು ಜನಪ್ರಿಯವಾದ ನಗೆಸರಣಿ ಅಮೆರಿಕದ ಟೀವಿಗೆ ಒಗ್ಗುತ್ತಿತ್ತೇ ಎಂಬ ಪ್ರಶ್ನೆ ಹಳೆಯದು. ಉತ್ತರ ಹುಡುಕಬೇಕಾದರೆ ಮೊದಲು ಕಥೆಯನ್ನು ನೋಡಬೇಕು.

ಅನ್ಯಗ್ರಹದ ‘ಓನಿ’ ಜನ ಭೂಮಿಯನ್ನು ವಶಪಡಿಸಿಕೊಳ್ಳಲು ಬರುತ್ತಾರೆ. ಆದರೆ ಯುದ್ಧದ ಬದಲು ಒಂದು ಪಂದ್ಯ ಒಡ್ಡುತ್ತಾರೆ: ಭೂಮಿಯ ಒಬ್ಬ ಮನುಷ್ಯ, ಹತ್ತು ದಿನದೊಳಗೆ ತಮ್ಮ ಕಡೆಯ ಹುಡುಗಿಯನ್ನು ಅಟ್ಟಿಸಿಕೊಂಡು ಹೋಗಿ ಆಕೆಯ ಕೊಂಬು ಹಿಡಿಯಬೇಕು. ಕಂಪ್ಯೂಟರ್ ಆರಿಸಿದ ವ್ಯಕ್ತಿ ಅತಾರು ಮೊರೊಬೊಶಿ. ಕಂಡ ಹುಡುಗಿಯರ ಬೆನ್ನು ಬೀಳುವುದು ಬಿಟ್ಟರೆ ಬೇರೇನೂ ಬಾರದ ಹೈಸ್ಕೂಲು ಹುಡುಗ. ಎದುರಾಳಿ ಲಮ್‌ಗೆ ಹಾರಲು ಬರುತ್ತದೆ, ಮೈಯಿಂದ ವಿದ್ಯುತ್ ಹೊಮ್ಮುತ್ತದೆ, ತೊಟ್ಟಿರುವುದು ಹುಲಿಪಟ್ಟೆಯ ಬಿಕಿನಿ. ಒಂಬತ್ತು ದಿನ ಸೋತ ಅತಾರುವಿಗೆ, ಗೆದ್ದರೆ ಮದುವೆಯಾಗುತ್ತೇನೆಂದು ಗೆಳತಿ ಶಿನೊಬು ಮಾತು ಕೊಡುತ್ತಾಳೆ. ಕೊನೆಯ ದಿನ ಅವನು ಲಮ್‌ಳ ಮೇಲುಡುಪನ್ನೇ ಕಿತ್ತುಕೊಳ್ಳುತ್ತಾನೆ. ಮಾನ ಮುಚ್ಚಿಕೊಳ್ಳುವ ಗಡಿಬಿಡಿಯಲ್ಲಿ ಆಕೆ ಸಿಕ್ಕಿಬೀಳುತ್ತಾಳೆ. ಕೊಂಬು ಹಿಡಿದ ಖುಷಿಯಲ್ಲಿ ‘ಇನ್ನು ಮದುವೆಯಾಗಬಹುದು’ ಎಂದು ಅವನು ಕಿರುಚುತ್ತಾನೆ. ಅದು ತನಗೇ ಹೇಳಿದ್ದೆಂದು ತಿಳಿದ ಲಮ್ ತಕ್ಷಣ ಒಪ್ಪಿಕೊಂಡುಬಿಡುತ್ತಾಳೆ. ಅಂದಿನಿಂದ ಅತಾರುವಿನ ಮನೆಯಲ್ಲೇ ಅವಳ ಬಿಡಾರ. ಬಾಯಿ ತೆರೆದರೆ ‘ಡಾರ್ಲಿಂಗ್’. ಅವನು ಬೇರೆ ಹುಡುಗಿಯ ಕಡೆ ಕಣ್ಣು ಹಾಯಿಸಿದರೆ ವಿದ್ಯುತ್ ಹೊಡೆತ.

ಈ ಕಥೆಯ ಚೌಕಟ್ಟು ಅಮೆರಿಕಕ್ಕೆ ಹೊಸದೇನಲ್ಲ. ಮಾಟಗಾತಿ ಹೆಂಡತಿಯೊಡನೆ ಸಾಮಾನ್ಯ ಗಂಡನೊಬ್ಬ ಪಡುವ ಪಾಡಿನ ‘ಬಿವಿಚ್ಡ್’ 1964ರಿಂದ 1972ರವರೆಗೆ ಅಲ್ಲಿ ಓಡಿತ್ತು. ಸೀಸೆಯಿಂದ ಹೊರಬಂದ ಜೀನಿ ಗಗನಯಾತ್ರಿಯ ಮನೆ ಸೇರಿಕೊಳ್ಳುವ ‘ಐ ಡ್ರೀಮ್ ಆಫ್ ಜೀನಿ’ 1965ರಿಂದ ಐದು ವರ್ಷ ನಡೆಯಿತು. ಜಪಾನಿಗೆ ಹೋದ ‘ಬಿವಿಚ್ಡ್’ ಅಲ್ಲಿ ಎಷ್ಟು ಜನಪ್ರಿಯವಾಯಿತೆಂದರೆ, 1966ರ ‘ಸ್ಯಾಲಿ ದ ವಿಚ್’ ಅನಿಮೆಗೆ, ಅದರ ಮೂಲಕ ಮಾಂತ್ರಿಕ ಹುಡುಗಿಯರ ಒಂದು ಇಡೀ ಪ್ರಕಾರಕ್ಕೆ ಅದೇ ಪ್ರೇರಣೆಯಾಯಿತು. ಅತಿಮಾನುಷ ಹೆಣ್ಣು, ಪರದಾಡುವ ಗಂಡು, ಗುಟ್ಟೇನೂ ಅರಿಯದೆ ನಡುವೆ ಸಿಕ್ಕಿಕೊಳ್ಳುವ ನೆರೆಹೊರೆ ಎಂಬ ಸೂತ್ರ ಅಮೆರಿಕದ ಪ್ರೇಕ್ಷಕನಿಗೆ ಅಂಗೈ ಮೇಲಿನ ಗೆರೆ. ಕಂತಿನ ಕೊನೆಗೆ ಎಲ್ಲವೂ ಮತ್ತೆ ಮೊದಲಿದ್ದಂತೆ ಆಗುವುದು, ನಾಯಕ–ನಾಯಕಿಯ ಪ್ರೇಮ ವರ್ಷಗಟ್ಟಲೆ ಇತ್ಯರ್ಥವಾಗದೆ ಉಳಿಯುವುದು, ಯಾವ ಕಂತನ್ನು ಯಾವಾಗ ನೋಡಿದರೂ ಕಥೆ ತಪ್ಪದಿರುವುದು, ಇವು ಕೂಡ ಅಲ್ಲಿನ ಸಿಟ್‌ಕಾಮ್‌ಗಳ ರೀತಿಯೇ.

ಅಡ್ಡಿ ಎಲ್ಲಿತ್ತೆಂಬುದಕ್ಕೂ ‘ಜೀನಿ’ಯೇ ಒಂದು ಸುಳಿವು ಕೊಡುತ್ತದೆ. ನಟಿ ಬಾರ್ಬರಾ ಈಡನ್ ತೊಟ್ಟ ಅರೇಬಿಯನ್ ನೈಟ್ಸ್ ಮಾದರಿಯ ಉಡುಪಿನಲ್ಲಿ ಹೊಕ್ಕುಳು ಕಾಣಬಾರದೆಂದು ವಾಹಿನಿಯ ಮಡಿವಂತರು ಪಟ್ಟು ಹಿಡಿದಿದ್ದು ಅಮೆರಿಕದ ಟೀವಿ ಇತಿಹಾಸದ ಪ್ರಸಿದ್ಧ ಪ್ರಸಂಗ. ಅದು ದೊಡ್ಡವರಿಗಾಗಿ ಮಾಡಿದ ಧಾರಾವಾಹಿಯ ಗತಿ. ಲಮ್ ಬಂದಿದ್ದು ಕಾರ್ಟೂನಿನ ರೂಪದಲ್ಲಿ. 1980ರ ದಶಕದ ಅಮೆರಿಕದಲ್ಲಿ ಟೀವಿ ಕಾರ್ಟೂನ್ ಎಂದರೆ ಮಕ್ಕಳದು, ಅದರ ಸಮಯವೆಂದರೆ ಶನಿವಾರದ ಬೆಳಗ್ಗೆ ಅಥವಾ ಶಾಲೆ ಬಿಟ್ಟ ಮೇಲಿನ ಸಂಜೆ. ರಾತ್ರಿಯ ಮುಖ್ಯ ಸಮಯದಲ್ಲಿ ನೆಲೆ ಕಂಡಿದ್ದ ‘ಫ್ಲಿಂಟ್‌ಸ್ಟೋನ್ಸ್’ 1966ಕ್ಕೇ ಮುಗಿದಿತ್ತು, ‘ಸಿಂಪ್ಸನ್ಸ್’ ಬರಲು 1989ರ ಕೊನೆಯವರೆಗೆ ಕಾಯಬೇಕಿತ್ತು. ಉರುಸೇ ಯಾತ್ಸುರಾ ತಯಾರಾಗಿದ್ದು ಸರಿಯಾಗಿ ಈ ನಡುವಿನ ಬಯಲಿನಲ್ಲಿ.

ವ್ಯಾಪಾರದ ಲೆಕ್ಕದಲ್ಲಿ ನೋಡಿದರೆ ಅದಕ್ಕೆ ಅನುಕೂಲವೇ ಹೆಚ್ಚು. ಅಲ್ಲಿನ ಸ್ಥಳೀಯ ಕೇಂದ್ರಗಳಿಗೆ ವಾರಕ್ಕೆ ಐದು ದಿನದಂತೆ ಕಾರ್ಟೂನ್ ಮಾರಬೇಕಾದರೆ ಸಾಮಾನ್ಯವಾಗಿ 65 ಕಂತುಗಳಾದರೂ ಬೇಕಿತ್ತು. ‘ಮ್ಯಾಕ್ರಾಸ್’ ಅನಿಮೆಯಲ್ಲಿ ಇದ್ದಿದ್ದು 36 ಮಾತ್ರ. ಹಾಗಾಗಿ ಅದಕ್ಕೆ ಸಂಬಂಧವೇ ಇರದ ಇನ್ನೆರಡು ಸರಣಿಗಳನ್ನು ಅಂಟಿಸಿ 1985ರಲ್ಲಿ 85 ಕಂತುಗಳ ‘ರೋಬೋಟೆಕ್’ ಮಾಡಿದರು. ಉರುಸೇ ಯಾತ್ಸುರಾಗೆ ಇಂಥ ತೇಪೆ ಹಚ್ಚುವ ಅಗತ್ಯವೇ ಇರಲಿಲ್ಲ. ಆದರೆ ಸಂಜೆ ನಾಲ್ಕರ ಮಕ್ಕಳ ಸಮಯಕ್ಕೆ ಹೊಂದಿಸಲು ಬಿಕಿನಿಗೆ ಬಟ್ಟೆ ಹೊದಿಸಿ, ಅತಾರುವಿನ ಲಂಪಟತನ ಕತ್ತರಿಸಿದರೆ ಉಳಿಯುವುದೇನು? 2014ರಲ್ಲಿ ಡಿಸ್ನಿ ಎಕ್ಸ್‌ಡಿ ವಾಹಿನಿ ‘ಡೊರೇಮಾನ್’ ತಂದಾಗ ನೊಬಿತಾ ‘ನೋಬಿ’ಯಾದ, ಯೆನ್ ನೋಟು ಡಾಲರ್ ಆಯಿತು, ಊಟದ ಕಡ್ಡಿ ಹೋಗಿ ಫೋರ್ಕ್ ಬಂತು, ಕಥೆಗೆ ಏಟು ಬೀಳಲಿಲ್ಲ. ಅತಾರುವಿನ ಚಪಲ ಹಾಗೆ ತೆಗೆದಿಡುವ ಒಡವೆಯಲ್ಲ, ಇಡೀ ಯಂತ್ರ ತಿರುಗುವುದೇ ಅದರಿಂದ.

ಇನ್ನೊಂದು ತೊಡಕು ನಗೆಯ ಒಳಗೇ ಇದೆ. ಹೊಡೆತ, ಬೀಳಾಟ, ಸುಟ್ಟು ಕರಕಲಾದ ಮುಖ ಇವಕ್ಕೆ ಅನುವಾದ ಬೇಡ. ಆದರೆ ಸರಣಿಯ ಅರ್ಧ ಹಾಸ್ಯ ನಿಂತಿರುವುದು ಜಪಾನಿನ ಪುರಾಣ, ಹಬ್ಬ, ಪಂಚಾಂಗಗಳ ಮೇಲೆ. ಲಮ್‌ಳ ವೇಷವನ್ನೇ ನೋಡಬಹುದು. ಓನಿ ಎಂದರೆ ಜಪಾನಿನ ಜನಪದ ರಾಕ್ಷಸ. ನಮ್ಮಲ್ಲಿ ದೇವಮೂಲೆ ಎನಿಸಿದ ಈಶಾನ್ಯ, ಅಲ್ಲಿ ದೆವ್ವ ನುಗ್ಗುವ ಬಾಗಿಲು. ಹಳೆಯ ದಿಕ್ಕಿನ ಲೆಕ್ಕದಲ್ಲಿ ಅದು ಎತ್ತು ಮತ್ತು ಹುಲಿಯ ದಿಕ್ಕು, ಅದಕ್ಕೇ ಓನಿಗೆ ಎತ್ತಿನ ಕೊಂಬು, ಹುಲಿಯ ಚರ್ಮ. ಜಪಾನಿ ಮಕ್ಕಳ ಮುಟ್ಟಾಟದಲ್ಲಿ ಅಟ್ಟಿಸಿಕೊಂಡು ಹೋಗುವವನನ್ನು ಕರೆಯುವುದೂ ಓನಿ ಎಂದೇ. ಮೊದಲ ಕಂತಿನ ಪಂದ್ಯದಲ್ಲಿ ನಿಜವಾದ ಓನಿಯೇ ಓಡುತ್ತಾಳೆ, ಮನುಷ್ಯ ಅಟ್ಟುತ್ತಾನೆ. ಅಲ್ಲಿನ ಪುಟ್ಟ ಮಗುವಿಗೂ ಕೂಡಲೇ ಹೊಳೆಯುವ ಈ ತಿರುವುಮುರುವು ಅಮೆರಿಕದ ಪ್ರೇಕ್ಷಕನ ಕಣ್ಣಿಗೆ ಬೀಳುವುದೇ ಇಲ್ಲ.

ಸೆತ್ಸುಬುನ್ ಕಂತು ಇನ್ನೂ ಸೊಗಸು. ಫೆಬ್ರವರಿ ಮೊದಲ ವಾರದ ಈ ಆಚರಣೆಯಲ್ಲಿ ಜಪಾನೀಯರು ಹುರಿದ ಸೋಯಾ ಕಾಳು ಎರಚಿ ಓನಿಯನ್ನು ಮನೆಯಿಂದ ಓಡಿಸಿ ಭಾಗ್ಯವನ್ನು ಒಳಕ್ಕೆ ಕರೆಯುತ್ತಾರೆ. ತಕಾಹಶಿ ಅದನ್ನು ಓನಿಗಳಿಗೂ ಏಳು ಭಾಗ್ಯದೇವತೆಗಳಿಗೂ ವರ್ಷಕ್ಕೊಮ್ಮೆ ನಡೆಯುವ ಯುದ್ಧವನ್ನಾಗಿ ಮಾಡಿದರು. ಮದ್ದುಗುಂಡಿನ ಜಾಗದಲ್ಲಿ ಕಾಳು. ದೇವತೆಗಳ ಪರವಾಗಿ ಬರುವ ಬೆಂಟೆನ್, ಸರಪಳಿ ತೊಟ್ಟು ಆಕಾಶದಲ್ಲಿ ಬೈಕ್ ಓಡಿಸುವ ಗಟ್ಟಿಗಿತ್ತಿ. ಅವಳ ಹೆಸರಿನ ಹಿಂದಿರುವ ದೇವತೆ ಬೆಂಜೈತೆನ್, ಬೌದ್ಧಧರ್ಮದ ಜೊತೆ ಚೀನಾದ ದಾರಿಯಲ್ಲಿ ಜಪಾನಿಗೆ ಹೋದ ಸರಸ್ವತಿಯೇ. ವೀಣೆಯ ದೇವಿ ಬೈಕ್ ಏರಿದ ತಮಾಷೆ ಕನ್ನಡದ ಪ್ರೇಕ್ಷಕನಿಗೆ ಒಂದಿಷ್ಟಾದರೂ ತಾಕೀತು. ಓಹಾಯೋದ ಹುಡುಗನಿಗೆ ಆಕೆ ಬರಿಯ ಬೈಕ್ ಹುಡುಗಿ. ಅತಾರು ಹುಟ್ಟಿದ್ದು ಹದಿಮೂರನೇ ತಾರೀಕಿನ ಶುಕ್ರವಾರ, ಅದೂ ಜಪಾನಿ ಪಂಚಾಂಗದ ಅತ್ಯಂತ ಅಶುಭವಾದ ‘ಬುತ್ಸುಮೆತ್ಸು’ ದಿನ. ಈ ಜೋಡಿ ಅಪಶಕುನದಲ್ಲಿ ಅಮೆರಿಕನ್ನರಿಗೆ ಮೊದಲರ್ಧ ಮಾತ್ರ ದಕ್ಕುತ್ತದೆ.

ಇಂಥ ತೊಡಕಿಗೆ ಟೀವಿಯವರು ಕಂಡುಕೊಂಡ ಸುಲಭದ ದಾರಿ, ಮೂಲದ ಮಾತನ್ನು ಬದಿಗಿಟ್ಟು ಚಿತ್ರಕ್ಕೆ ತಮ್ಮದೇ ಜೋಕು ಕೂರಿಸುವುದು. ‘ಸಮುರಾಯ್ ಪಿಜ್ಜಾ ಕ್ಯಾಟ್ಸ್’ ಹುಟ್ಟಿದ್ದು ಹಾಗೆ. ಇಲ್ಲಿನ ಮಕ್ಕಳು ಹಂಗಾಮಾ ವಾಹಿನಿಯಲ್ಲಿ ಕಂಡ ಶಿನ್‌ಚಾನ್‌ನನ್ನು 2006ರಲ್ಲಿ ಅಮೆರಿಕದ ಕಾರ್ಟೂನ್ ನೆಟ್‌ವರ್ಕ್‌ನ ರಾತ್ರಿಯ ವಿಭಾಗ ‘ಅಡಲ್ಟ್ ಸ್ವಿಮ್’ ತಂದಾಗ, ಅವನ ಬಾಯಲ್ಲಿ ಅಮೆರಿಕದ ರಾಜಕೀಯದ ಚೇಷ್ಟೆಯನ್ನೂ ತುರುಕಲಾಗಿತ್ತು. ಉರುಸೇ ಯಾತ್ಸುರಾಗೂ ಈ ಗತಿ ಒಮ್ಮೆ ಬಂತು, ಅಮೆರಿಕದಲ್ಲಲ್ಲ, ಬ್ರಿಟನ್ನಿನಲ್ಲಿ: 2000ದಲ್ಲಿ ಬಿಬಿಸಿ ಚಾಯ್ಸ್ ವಾಹಿನಿ ಕೆಲವು ಕಂತಿಗೆ ಅಣಕು ಡಬ್ಬಿಂಗ್ ಮಾಡಿ ‘ಲಮ್ ದ ಇನ್‌ವೇಡರ್ ಗರ್ಲ್’ ಎಂದು ತೋರಿಸಿತು. ಮೂಲ ತೆಳುವಾಗಿದ್ದರೆ ಈ ಉಪಾಯ ನಡೆಯುತ್ತದೆ. ಒಂದೇ ದೃಶ್ಯದಲ್ಲಿ ಮೂರು ಜೋಕು ಅಡಕವಾಗಿರುವ ಕಡೆ ಇನ್ನೊಂದನ್ನು ಹೇರಿದರೆ ಗದ್ದಲವಷ್ಟೇ ಹೆಚ್ಚುತ್ತದೆ.

ನೇರ ದಾರಿ ಹಿಡಿದಿದ್ದು ಆನಿಮೇಗೋ ಎಂಬ ಸಣ್ಣ ಕಂಪನಿ. 1990ರ ದಶಕದಲ್ಲಿ ಅದು ಈ ಸರಣಿಯನ್ನು ಸಬ್‌ಟೈಟಲ್ ಸಹಿತ ವಿಡಿಯೊ ಟೇಪಿನಲ್ಲಿ ಮಾರಿತು. ಟೇಪಿನ ಜೊತೆ ಅದರಲ್ಲಿನ ಹಬ್ಬ, ತಿಂಡಿ, ಶ್ಲೇಷೆ, ಗಾದೆಗಳನ್ನು ವಿವರಿಸುವ ಟಿಪ್ಪಣಿಯೂ ಇರುತ್ತಿತ್ತು. ಜೋಕನ್ನು ವಿವರಿಸಿದರೆ ಅದು ಸಾಯುತ್ತದೆ ಎನ್ನುವವರುಂಟು. ಇಲ್ಲಿ ಆದದ್ದು ಬೇರೆ: ಟಿಪ್ಪಣಿ ಓದಿ ಮತ್ತೆ ಕಂತು ನೋಡುವ ಒಂದು ಸಣ್ಣ, ನಿಷ್ಠಾವಂತ ಬಳಗ ಬೆಳೆಯಿತು. ಕೋಟಿಗಟ್ಟಲೆ ಜನ ಏಕಕಾಲಕ್ಕೆ ನಗಬೇಕೆನ್ನುವ ಟೀವಿಗೆ ಇದು ಹೊಂದುವ ಮಾತಲ್ಲ, ನಿಜ.

ಟೀವಿಯಲ್ಲಿ ಒಂದು ಅವಕಾಶದ ಬಾಗಿಲು ತೆರೆದದ್ದು 2001ರಲ್ಲಿ, ಕಾರ್ಟೂನ್ ನೆಟ್‌ವರ್ಕ್ ರಾತ್ರಿಯ ಹೊತ್ತಿಗೆ ದೊಡ್ಡವರಿಗಾಗಿ ‘ಅಡಲ್ಟ್ ಸ್ವಿಮ್’ ಶುರುಮಾಡಿದಾಗ. ಮರುವರ್ಷವೇ ಅಲ್ಲಿಗೆ ಬಂದ ‘ಇನುಯಾಶಾ’ ತಕಾಹಶಿಯವರದೇ ಕೃತಿ, ಅದೂ ಓನಿ, ಪಿಶಾಚಿಗಳಿಂದ ತುಂಬಿದ್ದು; ವರ್ಷಾನುಗಟ್ಟಲೆ ಓಡಿತು. ಜಪಾನಿನ ಪುರಾಣ ಅಮೆರಿಕನ್ನರಿಗೆ ಪಥ್ಯವಾಗದು ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು ಎನ್ನಬೇಕು. ಬಿಕಿನಿಯೂ ಆ ರಾತ್ರಿಯ ಹೊತ್ತಿಗೆ ದೊಡ್ಡ ಸಮಸ್ಯೆಯಲ್ಲ. ಆದರೆ ಅಷ್ಟರಲ್ಲಿ ಲಮ್‌ಗೆ ಇಪ್ಪತ್ತು ವರ್ಷ ತುಂಬಿತ್ತು, ಹಳೆಯ ಚಿತ್ರಗಳು ಮಾಸಲಾಗಿ ಕಾಣುತ್ತಿದ್ದವು, 195 ಕಂತು ಡಬ್ ಮಾಡಿಸುವ ಖರ್ಚೂ ಸಣ್ಣದಲ್ಲ.

ಸರಣಿಯ ಸ್ವಂತ ಕೊರತೆಯನ್ನೂ ಹೇಳಬೇಕು. ಮೊದಮೊದಲ ಕಂತುಗಳು ಅರ್ಧ ಗಂಟೆಯಲ್ಲಿ ಎರಡು ಕಥೆ ತುರುಕಿದ ಅವಸರದ ಕೆಲಸ. ಮುಖ್ಯ ನಿರ್ದೇಶಕ ಮಾಮೊರು ಒಶಿಯಿ ಅವರ ಕೈ ಕುದುರಿದ ಮೇಲೆಯೇ ಅದಕ್ಕೆ ತನ್ನದೇ ಲಯ ಬಂದದ್ದು. ಮುಂದೆ 1995ರಲ್ಲಿ ‘ಘೋಸ್ಟ್ ಇನ್ ದ ಶೆಲ್’ ಮಾಡಿದವರು ಇವರೇ. ಇದೇ ಸರಣಿಯ ಆರು ಚಿತ್ರಗಳಲ್ಲಿ ಒಂದಾದ, 1984ರ ಅವರ ‘ಬ್ಯೂಟಿಫುಲ್ ಡ್ರೀಮರ್’ನಲ್ಲಿ ಶಾಲಾ ಹಬ್ಬದ ಹಿಂದಿನ ದಿನ ಮತ್ತೆ ಮತ್ತೆ ಮರುಕಳಿಸುತ್ತದೆ. ಅದೇ ಎಳೆಯ ಹಾಲಿವುಡ್ ಹಾಸ್ಯಚಿತ್ರ ‘ಗ್ರೌಂಡ್‌ಹಾಗ್ ಡೇ’ ಬಂದದ್ದು ಒಂಬತ್ತು ವರ್ಷ ತಡವಾಗಿ. ಇಂದಿನ ಕಣ್ಣಿಗೆ ಅತಾರುವಿನ ಹೆಣ್ಣುಚಪಲ ಕಿರಿಕಿರಿಯಾಗುವುದೂ ಸಹಜ. ಪ್ರತಿ ಬಾರಿಯೂ ಏಟು ತಿಂದು ನಗೆಪಾಟಲಾಗುವವನು ಅವನೇ ಎಂಬುದು ಒಂದು ಸಮಾಧಾನ, ಪೂರ್ತಿ ಉತ್ತರವಲ್ಲ.

2022ರಲ್ಲಿ ಪ್ರಕಾಶಕ ಸಂಸ್ಥೆ ಶೋಗಾಕುಕಾನ್‌ನ ನೂರನೇ ವರ್ಷದ ನೆಪದಲ್ಲಿ ಸರಣಿ ಹೊಸದಾಗಿ ತಯಾರಾಯಿತು. ಮಾಂಗಾದಿಂದ ಆಯ್ದ ಕಥೆಗಳ 46 ಕಂತುಗಳು 2024ರ ಹೊತ್ತಿಗೆ ಮುಗಿದವು. ಅಮೆರಿಕದಲ್ಲಿ ಅದು ಹೈಡೈವ್ ಎಂಬ ಸ್ಟ್ರೀಮಿಂಗ್ ತಾಣದಲ್ಲಿ, ಜಪಾನಿನಲ್ಲಿ ಬಂದ ಆಸುಪಾಸಿನಲ್ಲೇ ಸಿಕ್ಕಿತು. ಹುಲಿಪಟ್ಟೆ, ಕೊಂಬು, ಓನಿ ಯಾವುದನ್ನೂ ಬದಲಿಸಲಿಲ್ಲ. ಹಾಗಾದರೆ ತೀರ್ಪು ಇಷ್ಟು: ಅಮೆರಿಕದ ಪ್ರೇಕ್ಷಕನಿಗೆ ಈ ಹಾಸ್ಯ ಒಗ್ಗುತ್ತಿತ್ತು, 1980ರ ದಶಕದ ಅಮೆರಿಕದ ಟೀವಿಗೆ ಒಗ್ಗುತ್ತಿರಲಿಲ್ಲ. ಹೊಸದಾಗಿ ನೋಡುವವರು 2022ರ ಸರಣಿಯಿಂದ ಶುರುಮಾಡಿ, ಆಮೇಲೆ ‘ಬ್ಯೂಟಿಫುಲ್ ಡ್ರೀಮರ್’ ನೋಡುವುದು ಒಳ್ಳೆಯದು. ಹಳೆಯ ಸರಣಿಯ ಮೊದಲ ಇಪ್ಪತ್ತು ಕಂತು ಕೊನೆಗೆ ಇಟ್ಟುಕೊಂಡರೂ ನಷ್ಟವಿಲ್ಲ.